ಒಂದು ಮೈ, ಎರಡು ನಂಜು

ಆಲೂರು, ಸಕಲೇಶಪುರದ ಕಡೆ ತೋಟಕ್ಕೆ ಕೀಟನಾಶಕ ಸಿಂಪಡಿಸುವುದನ್ನು ‘ವಿಷ ಹಾಕುವುದು’ ಎಂದು ಯಾರೂ ಹೇಳುವುದಿಲ್ಲ. ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕನ್ನಡದ ‘ಮದ್ದು’ ಎಂಬ ಶಬ್ದಕ್ಕೂ ಇಂಥದೇ ಇಬ್ಬಗೆಯ ಬಾಳು. ರೋಗಿಗೆ ಕುಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಹಗೆಯವನು ಊಟದಲ್ಲಿ ಬೆರೆಸಿದನೆಂದು ಹಳ್ಳಿಯವರು ಶಂಕಿಸುವುದೂ ಮದ್ದು. ‘ನಂಜು’ ಎಂಬ ಮಾತೂ ಹೀಗೆಯೆ. ಹಾವಿನ ವಿಷ ನಂಜು. ಗಾಯ ಕೀತುಕೊಂಡರೆ ನಂಜಾಯಿತು ಎನ್ನುತ್ತೇವೆ. ಪಾಶ್ಚಾತ್ಯರು ಇದಕ್ಕೆ ಹೊರತಲ್ಲ. ಇಂದು ಮಕ್ಕಳ ಬಾಯಲ್ಲೂ ಓಡಾಡುವ ‘ವೈರಸ್’ ಎಂಬ ಪದ ಲ್ಯಾಟಿನ್ ಭಾಷೆಯದು. ಅದರ ಮೂಲಾರ್ಥ ವಿಷ ಎಂದೇ.

ಹೀಗೆ ಹೆಸರಿನಲ್ಲಿ ಬಂಧುಗಳಾದ ಎರಡು ನಂಜುಗಳು ಒಂದೇ ಮೈಯಲ್ಲಿ ಕೂಡಿದಾಗ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ಒಂದು, ಮನುಷ್ಯ ತಯಾರಿಸಿದ ರಾಸಾಯನಿಕ. ಇನ್ನೊಂದು, ಜ್ವರ ತರುವ ವೈರಸ್. ಒಂದೊಂದನ್ನೂ ಬೇರೆ ಬೇರೆಯಾಗಿ ವಿಚಾರಿಸುವುದು ನಮ್ಮ ರೂಢಿ. ಜ್ವರಕ್ಕೆ ವೈದ್ಯರನ್ನು ಕೇಳುತ್ತೇವೆ, ಕ್ರಿಮಿನಾಶಕಕ್ಕೆ ಗೊಬ್ಬರದಂಗಡಿಯವರನ್ನು ಕೇಳುತ್ತೇವೆ. ಆದರೆ ಮೈ ಒಂದೇ. ಅದರ ಯಕೃತ್ತು ಒಂದೇ. ಕಾಯುವ ಬಿಳಿ ರಕ್ತಕಣಗಳ ದಂಡೂ ಒಂದೇ. ಎರಡು ದಾಳಿಗಳ ಲೆಕ್ಕವನ್ನು ಅವು ಬೇರೆ ಬೇರೆ ಪುಸ್ತಕದಲ್ಲಿ ಬರೆಯುವುದಿಲ್ಲ.

ಈ ಪ್ರಶ್ನೆ ನಮ್ಮ ಬೆಟ್ಟದ ಸೀಮೆಗೆ ಏಕೆ ಮುಖ್ಯವೆಂಬುದನ್ನು ಪಂಚಾಂಗ ಹಿಡಿದು ನೋಡಿದರೆ ತಿಳಿಯುತ್ತದೆ. ಮುಂಗಾರು ಹಿಡಿಯುವ ಮೊದಲು ಕಾಫಿ ಗಿಡಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬೀಳುತ್ತದೆ. ಮಳೆಯ ನಡುವೆ ಬಿಡುವು ಸಿಕ್ಕರೆ ಮತ್ತೊಮ್ಮೆ. ಬಿಳಿ ಕಾಂಡಕೊರಕಕ್ಕೂ ಹಣ್ಣುಕೊರಕಕ್ಕೂ ಬೇರೆ ಬೇರೆ ಕಾಲದಲ್ಲಿ ಬೇರೆ ಔಷಧಿ. ಮುಂಗಾರಿನ ಆಲೂಗಡ್ಡೆಗೆ ಅಂಗಮಾರಿ ತಗಲೀತೆಂದು ಮಳೆಗಾಲದ ಉದ್ದಕ್ಕೂ ಸಿಂಪಡಣೆ. ಈಚಿನ ವರ್ಷಗಳಲ್ಲಿ ಗದ್ದೆಬಯಲಿಗೂ ಏರಿ ಬಂದಿರುವ ಶುಂಠಿಗೆ ಎಲೆಚುಕ್ಕೆ, ಕೊಳೆ ಎಂದು ಮತ್ತಷ್ಟು. ಇನ್ನು ಜ್ವರಗಳ ಪಂಚಾಂಗ ತೆರೆಯಿರಿ: ಡೆಂಗಿ ಮಳೆಗಾಲದ್ದು, ಫ್ಲೂ ಜ್ವರ ಮಳೆಗಾಲಕ್ಕೊಮ್ಮೆ ಚಳಿಗಾಲಕ್ಕೊಮ್ಮೆ ತಲೆಯೆತ್ತುವುದು, ಮಲೆನಾಡಿನ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಪಂಪು ಬೆನ್ನಿಗೇರುವ ತಿಂಗಳೂ ಜ್ವರ ಮೈಗೇರುವ ತಿಂಗಳೂ ಹೀಗೆ ಮತ್ತೆ ಮತ್ತೆ ಒಂದಾಗುತ್ತವೆ. “ಅಯ್ಯಾ, ರಾತ್ರಿಯಿಂದ ಸ್ವಲ್ಪ ಮೈ ಬಿಸಿ ಐತೆ, ಆದ್ರೂ ಡ್ರಮ್ಮು ಮುಗಿಸ್ಕೊಡ್ತೀನಿ” ಎನ್ನುವ ಮಾತು ತೋಟಗಳಲ್ಲಿ ಅಪರೂಪವಲ್ಲ. ಆ ಒಂದು ಮಾತಿನಲ್ಲೇ ಎರಡು ನಂಜೂ ಸೇರಿವೆ.

ವಿಷಯಕ್ಕೆ ಹೋಗುವ ಮೊದಲು ಋಣವೊಂದನ್ನು ಸಲ್ಲಿಸಬೇಕು. ರಾಸಾಯನಿಕವೆಂದ ಕೂಡಲೆ ಮೂಗು ಮುರಿಯುವುದು ನ್ಯಾಯವಲ್ಲ. ಮಂಜರಾಬಾದಿನ ಈ ಸೀಮೆ ಹಿಂದೆ ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಅಂಜುತ್ತಿದ್ದ ಕಾಲವೊಂದಿತ್ತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರೆಂದೂ 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ, 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಮಲೇರಿಯಾ ವೈರಸಿನ ರೋಗವಲ್ಲ, ಸೊಳ್ಳೆ ಹೊತ್ತು ತರುವ ಪರಾವಲಂಬಿ ಜೀವಿಯದು, ನಿಜ. ಆದರೂ ರಾಸಾಯನಿಕವೊಂದು ಪ್ರಾಣ ಉಳಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಡಿ.ಡಿ.ಟಿ.ಯೇ ಮಣ್ಣಿನಲ್ಲಿ ಕರಗದೆ, ಪ್ರಾಣಿಗಳ ಕೊಬ್ಬಿನಲ್ಲಿ ಕುಳಿತು, ತಾಯಿಯ ಹಾಲಿನ ತನಕ ಸಾಗುವುದೆಂದು ತಿಳಿದಾಗ, 1989ರಲ್ಲಿ ಭಾರತ ಸರ್ಕಾರ ಬೇಸಾಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಉಪಕಾರ, ಅಪಕಾರ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದೇ ವಿವೇಕ.

ಈಗ ಮೈಯೊಳಗಿನ ವ್ಯವಹಾರವನ್ನು ನೋಡೋಣ. ಉಂಡ ಅನ್ನವನ್ನು ಮೈಯಾಗಿ ಕಟ್ಟುವುದು ‘ಚಯ’; ಕಟ್ಟಿದ್ದನ್ನು ಒಡೆದು ಶಕ್ತಿಯಾಗಿ ಖರ್ಚು ಮಾಡುವುದು ‘ಅಪಚಯ’. ಎರಡೂ ಸೇರಿ ‘ಚಯಾಪಚಯ’. ಮನೆಯ ಜಮಾ-ಖರ್ಚಿನ ಪುಸ್ತಕವಿದ್ದಂತೆ ಇದು. ಈ ಪುಸ್ತಕ ಬರೆಯುವ ಮುಖ್ಯ ಕರಣಿಕ ಯಕೃತ್ತು. ಬೆಳೆದ ಮನುಷ್ಯನ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ, ಪಿಷ್ಟದಂಥ ರೂಪದಲ್ಲಿ, ಆಪತ್ಕಾಲಕ್ಕೆಂದು ಕಟ್ಟಿಟ್ಟಿರುತ್ತದೆ.

ವೈರಸ್ ಮೈಯನ್ನು ಹೊಕ್ಕಾಗ ಈ ಪುಸ್ತಕದ ಎಲ್ಲ ಪುಟಗಳೂ ಬದಲಾಗುತ್ತವೆ. 1957ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ಫ್ಲೂ ವೈರಸ್ ಸೋಂಕಿದ ಜೀವಕೋಶಗಳು ನೆರೆಯ ಕೋಶಗಳಿಗೆ ಎಚ್ಚರಿಕೆ ಕೊಡುವಂಥ ದ್ರವ್ಯವೊಂದನ್ನು ಸುರಿಸುವುದನ್ನು ಕಂಡುಹಿಡಿದು ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಕಳ್ಳ ಬಂದನೆಂದು ಒಂದು ಮನೆಯವರು ಕೂಗಿದರೆ ಕೇರಿಯವರೆಲ್ಲ ಬಾಗಿಲು ಭದ್ರಪಡಿಸಿಕೊಳ್ಳುವಂತೆ. ಅದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಹೊಸ ವೈರಸೊಂದನ್ನು ಗುರುತಿಸಿದರು. ಮಂಗನ ಕಾಯಿಲೆಗೆ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ನಿಂತದ್ದು ಹಾಗೆ.

ಇಂಟರ್‌ಫೆರಾನಿನ ಕೂಗಿಗೆ ಮೈ ಓಗೊಡುತ್ತದೆ. ಜ್ವರ ಏರುತ್ತದೆ. ಮೈಯ ಕಾವು ಒಂದು ಡಿಗ್ರಿ ಸೆಂಟಿಗ್ರೇಡ್ ಹೆಚ್ಚಿದರೆ ಇಂಧನದ ಖರ್ಚು ಸುಮಾರು ಶೇಕಡ 10ರಷ್ಟು ಏರುತ್ತದೆ. ಯುದ್ಧಕ್ಕೆ ನಿಂತ ಬಿಳಿ ರಕ್ತಕಣಗಳು ಸಕ್ಕರೆಯನ್ನು ಬಾಚಿ ಬಾಚಿ ಉರಿಸುತ್ತವೆ. ಅವು ಕೆಲವೇ ದಿನಗಳಲ್ಲಿ ಒಂದಕ್ಕೆ ಸಾವಿರವಾಗಿ ಹೆಚ್ಚಬೇಕು. ಹೊಸ ಕೋಶ ಕಟ್ಟಲು ಸಾಮಗ್ರಿ ಬೇಕು. ಊಟ ಸೇರದಿದ್ದರೆ ಯಕೃತ್ತಿನ ಉಗ್ರಾಣ ಬರಿದಾಗಿ, ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸತೊಡಗುತ್ತದೆ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಕಾಲು ಸೋಲುವುದು ಈ ಖರ್ಚಿನಿಂದಲೂ ಹೌದು.

ಇನ್ನು ರಾಸಾಯನಿಕ ಮೈಗೆ ಹೊಕ್ಕಾಗ ಏನಾಗುತ್ತದೆ? ಅದನ್ನು ಬರಮಾಡಿಕೊಳ್ಳುವವನೂ ಅದೇ ಕರಣಿಕ. ಎಣ್ಣೆಯಲ್ಲಿ ಕರಗುವ ವಿಷಗಳನ್ನು ಮೂತ್ರದಲ್ಲಿ ಹೊರಹಾಕಲು ಬಾರದು. ಆದುದರಿಂದ ಯಕೃತ್ತು ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದ ಕಿಣ್ವಗಳು ವಿಷದ ಕಣಕ್ಕೆ ಆಮ್ಲಜನಕದ ಹಿಡಿಯೊಂದನ್ನು ಕೂಡಿಸುತ್ತವೆ. ಎರಡನೆಯ ಹಂತದವು ಆ ಹಿಡಿಗೆ ನೀರಿನಲ್ಲಿ ಕರಗುವ ಭಾರವೊಂದನ್ನು ಕಟ್ಟಿ ಹೊರಗೆ ಸಾಗಿಸುತ್ತವೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೆಲವು ವಿಷಗಳು ಮೊದಲ ಹಂತದಲ್ಲಿ ಶಾಂತವಾಗುವ ಬದಲು ಇನ್ನಷ್ಟು ಉಗ್ರವಾಗುತ್ತವೆ. ಮ್ಯಾಲಥಿಯಾನ್ ಎಂಬ ಪರಿಚಿತ ಕೀಟನಾಶಕ ಅಂಥದು. ಕೀಟದ ಮೈಯಲ್ಲಿ ಅದು ಬೇಗ ಉಗ್ರರೂಪ ತಾಳಿ ನರಗಳನ್ನು ಕೆಡಿಸುತ್ತದೆ. ಮನುಷ್ಯನ ಮೈಯಲ್ಲಾದರೋ ಅದನ್ನು ಅದಕ್ಕೂ ಮೊದಲೇ ಕಡಿದು ಹಾಕುವ ಬೇರೊಂದು ಕಿಣ್ವವಿದೆ. ನಮ್ಮ ರಕ್ಷಣೆ ನಿಂತಿರುವುದು ಆ ಕಿಣ್ವದ ಚುರುಕಿನ ಮೇಲೆ.

ಆ ಚುರುಕು ತಗ್ಗಿದರೆ ಏನಾಗುವುದೆಂಬುದಕ್ಕೆ 1976ರ ಪಾಕಿಸ್ತಾನದ ದುರಂತ ಸಾಕ್ಷಿ. ಅಲ್ಲಿ ಮಲೇರಿಯಾ ನಿವಾರಣೆಗೆಂದು ಮ್ಯಾಲಥಿಯಾನ್ ಸಿಂಪಡಿಸುತ್ತಿದ್ದ 7,500 ಕೆಲಸಗಾರರಲ್ಲಿ ಸುಮಾರು 2,800 ಮಂದಿಗೆ ವಿಷ ತಗುಲಿ ಐವರು ತೀರಿಕೊಂಡರು. ಪುಡಿ ದಾಸ್ತಾನಿನಲ್ಲಿ ಕೆಟ್ಟು ಅದರಲ್ಲಿ ಬೇರೊಂದು ಕಲ್ಮಷ ಹುಟ್ಟಿತ್ತು. ಆ ಕಲ್ಮಷ ನಮ್ಮನ್ನು ಕಾಯುವ ಕಿಣ್ವವನ್ನೇ ಕಟ್ಟಿಹಾಕಿತು. ಬರಿಗೈಯಲ್ಲಿ ಕಲಸಿದ್ದು, ಒದ್ದೆ ಬಟ್ಟೆಯಲ್ಲೇ ದಿನವೆಲ್ಲ ದುಡಿದದ್ದು ಅದಕ್ಕೆ ನೆರವಾಯಿತು.

ಮೈಯ ಎರಡು ವ್ಯವಹಾರಗಳೂ ಈಗ ವಾಚಕರ ಕಣ್ಣಮುಂದಿವೆ. ಎರಡೂ ಒಮ್ಮೆಗೇ ಬಂದರೆ? ವಿಜ್ಞಾನಿಗಳು ಈ ತನಕ ತಿಳಿದುಕೊಂಡಿರುವುದನ್ನು ನಾಲ್ಕು ಮಾತಿನಲ್ಲಿ ವಿಂಗಡಿಸಬಹುದು.

ಮೊದಲನೆಯದು: ಜ್ವರವೇ ಯಕೃತ್ತಿನ ವಿಷಶುದ್ಧಿಯ ಕೆಲಸವನ್ನು ನಿಧಾನಗೊಳಿಸುತ್ತದೆ. ಇಂಟರ್‌ಫೆರಾನ್ ಮತ್ತು ಅದರ ಜೊತೆಯ ಸಂದೇಶದ್ರವ್ಯಗಳು ಯಕೃತ್ತಿಗೆ, “ಬೇರೆ ಕೆಲಸ ಬಿಟ್ಟು ಯುದ್ಧದ ಸಾಮಗ್ರಿ ಒದಗಿಸು” ಎಂದು ಅಪ್ಪಣೆ ಮಾಡುತ್ತವೆ. ಆಗ ಮೊದಲ ಹಂತದ ಕಿಣ್ವಗಳ ಉತ್ಪತ್ತಿ ತಗ್ಗುತ್ತದೆ. ಅಮೆರಿಕದ ಸಿಯಾಟಲ್ ಪ್ರದೇಶದಿಂದ 1982ರಲ್ಲಿ ಪ್ರಕಟವಾದ ವರದಿಯೊಂದು ಇದನ್ನು ತೋರಿಸಿಕೊಟ್ಟಿತು. ಉಬ್ಬಸದ ಮಕ್ಕಳು ಥಿಯೋಫಿಲಿನ್ ಎಂಬ ಔಷಧವನ್ನು ಎಂದಿನ ಪ್ರಮಾಣದಲ್ಲೇ ತೆಗೆದುಕೊಳ್ಳುತ್ತಿದ್ದರು; ಫ್ಲೂ ಹಬ್ಬಿದಾಗ ಆ ಎಂದಿನ ಪ್ರಮಾಣವೇ ಕೆಲವರಿಗೆ ವಿಷವಾಯಿತು. ಔಷಧ ಹೆಚ್ಚಲಿಲ್ಲ, ಅದನ್ನು ಹೊರಹಾಕುವ ಶಕ್ತಿ ತಗ್ಗಿತ್ತು. ಔಷಧಕ್ಕೆ ಅನ್ವಯಿಸಿದ್ದು ಅದೇ ಕಿಣ್ವಗಳ ದಾರಿ ಹಿಡಿಯುವ ಇತರ ರಾಸಾಯನಿಕಗಳಿಗೂ ಅನ್ವಯಿಸಬಲ್ಲದು. ನಿನ್ನೆ ಜೀರ್ಣವಾದ ಪ್ರಮಾಣ ಜ್ವರದ ದಿನವೂ ಜೀರ್ಣವಾದೀತೆಂಬ ಭರವಸೆ ಇಲ್ಲ.

ಎರಡನೆಯದು: ಕೆಲವು ರಾಸಾಯನಿಕಗಳು ಕಾವಲುಪಡೆಯ ನೆನಪನ್ನು ಮಂಕುಗೊಳಿಸುತ್ತವೆ. ಉತ್ತರ ಅಟ್ಲಾಂಟಿಕ್ ಸಾಗರದ ಫರೋ ದ್ವೀಪಗಳ ಜನ ತಿಮಿಂಗಿಲದ ಮಾಂಸ ತಿನ್ನುವವರು. ನೀರು, ಎಣ್ಣೆ ಅಂಟದಂತೆ ಪಾತ್ರೆಗೂ ಬಟ್ಟೆಗೂ ಲೇಪಿಸುವ ಫ್ಲೂರಿನ್ ಸಂಯುಕ್ತಗಳು ಸಮುದ್ರ ಸೇರಿ, ಆ ಮಾಂಸದ ಮೂಲಕ ಅವರ ರಕ್ತಕ್ಕೆ ಬಂದವು. ಗ್ರಾನ್‌ಜಾನ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಅಲ್ಲಿನ 500ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದನೆಯ ವಯಸ್ಸಿನಲ್ಲಿ ಈ ಸಂಯುಕ್ತಗಳು ರಕ್ತದಲ್ಲಿ ಇಮ್ಮಡಿ ಇದ್ದ ಮಕ್ಕಳಲ್ಲಿ, ಏಳನೆಯ ವಯಸ್ಸಿನ ಹೊತ್ತಿಗೆ, ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆಗಳಿಂದ ಬರುವ ಪ್ರತಿಕಾಯಗಳು ಹೆಚ್ಚುಕಡಿಮೆ ಅರ್ಧದಷ್ಟಾಗಿದ್ದವು. ಈ ಎರಡು ರೋಗಗಳೂ ವೈರಸಿನವಲ್ಲ, ಬ್ಯಾಕ್ಟೀರಿಯಾದವು. ಆದರೆ ಲಸಿಕೆಯ ಪಾಠವನ್ನು ನೆನಪಿಡುವ ವಿದ್ಯಾರ್ಥಿಗಳು ಎರಡು ಕಡೆಯೂ ಅವೇ ರಕ್ತಕಣಗಳು. ಪಾಠ ಹೇಳಿದ್ದಷ್ಟೂ ಮರೆಯುವ ತರಗತಿ ಪರೀಕ್ಷೆಯ ದಿನ ಏನು ಮಾಡೀತು?

ಮೂರನೆಯದು: ಕೆಲವು ವಿಷಗಳು ಕಾವಲುಪಡೆಯನ್ನು ದುರ್ಬಲಗೊಳಿಸುವುದಲ್ಲದೆ ದಾರಿ ತಪ್ಪಿಸುತ್ತವೆ. ಪ್ಲಾಸ್ಟಿಕ್ಕನ್ನೂ ಕ್ಲೋರಿನ್ ಇರುವ ಇತರ ಕಸವನ್ನೂ ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಡಯಾಕ್ಸಿನ್ ಕೊಟ್ಟ ಇಲಿಗಳಿಗೆ ಫ್ಲೂ ವೈರಸ್ ತಗುಲಿಸಿ ಅಮೆರಿಕದ ವಿಜ್ಞಾನಿಗಳು ನೋಡಿದರು. ಅವು ಹೆಚ್ಚು ಸತ್ತವು. ವಿಚಿತ್ರವೆಂದರೆ ಅವುಗಳ ಶ್ವಾಸಕೋಶದಲ್ಲಿ ವೈರಸ್ ಹೆಚ್ಚೇನೂ ಇರಲಿಲ್ಲ. ಸೋಂಕಿದ ಕೋಶಗಳನ್ನು ಆರಿಸಿ ಕೊಲ್ಲುವ ನಿಪುಣ ಕಣಗಳು ಕಡಿಮೆಯಾಗಿದ್ದವು. ಕಂಡಕಂಡದ್ದನ್ನೆಲ್ಲ ಸುಡುವ ಒರಟು ಕಣಗಳು ಶ್ವಾಸಕೋಶದೊಳಗೆ ಗುಂಪುಗೂಡಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಇದಕ್ಕೆ ಕಾರಣವಾದ ಬೀಗವೂ ಜೀವಕೋಶಗಳೊಳಗೆ ಪತ್ತೆಯಾಗಿದೆ. ಕೋಸು, ಸೊಪ್ಪು ಮೊದಲಾದ ಆಹಾರದಿಂದ ಬರುವ ದ್ರವ್ಯಗಳ ಕೀಲಿಗೂ ಅದೇ ಬೀಗ ತೆರೆಯುತ್ತದೆ. ಅವು ತೆರೆದು ಕೂಡಲೆ ಹೊರಟುಹೋಗುತ್ತವೆ. ಡಯಾಕ್ಸಿನ್ ಎಂಬ ಕಳ್ಳಕೀಲಿಯೋ ಬೀಗದಲ್ಲೇ ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ ತುರುಕುವ ಗೃಹಸ್ಥರು ಇದನ್ನು ನೆನಪಿಡುವುದು ಒಳ್ಳೆಯದು.

ನಾಲ್ಕನೆಯದು ಮಿಕ್ಕವುಗಳಿಗಿಂತ ನಮ್ಮ ತೋಟಗಳಿಗೆ ಹತ್ತಿರದ್ದು. 1963ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೈ ಎಂಬ ವೈದ್ಯ ಮತ್ತು ಅವರ ಸಹೋದ್ಯೋಗಿಗಳು 21 ಮಕ್ಕಳ ಕಥೆಯನ್ನು ಪ್ರಕಟಿಸಿದರು. ಸಾಮಾನ್ಯ ನೆಗಡಿ-ಜ್ವರದಂತೆ ಆರಂಭವಾದದ್ದು, ವಾಂತಿಗೆ ತಿರುಗಿ, ಪ್ರಜ್ಞೆ ತಪ್ಪಿ, ಬಹುಪಾಲು ಮಕ್ಕಳು ಸತ್ತರು. ಅವರ ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು, ಮಿದುಳು ಊದಿತ್ತು. ಚಯಾಪಚಯದ ಪುಸ್ತಕವೇ ಹರಿದುಹೋದ ಸ್ಥಿತಿ ಅದು. ಆ ಕಾಲದಲ್ಲಿ ಕೆನಡಾದ ಪೂರ್ವಭಾಗದ ಕಾಡುಗಳಿಗೆ ವಿಮಾನದಿಂದ ಕೀಟನಾಶಕ ಸುರಿಯುತ್ತಿದ್ದರು. ಅಲ್ಲಿನ ಹ್ಯಾಲಿಫ್ಯಾಕ್ಸ್ ನಗರದ ಕ್ರಾಕರ್ ಮತ್ತು ಸಂಗಡಿಗರಿಗೆ ಅನುಮಾನ ಬಂತು. ಅವರು ಇಲಿಮರಿಗಳಿಗೆ, ತಾನಾಗಿ ಕೊಲ್ಲದಷ್ಟು ಸ್ವಲ್ಪ ಸಿಂಪಡಣೆಯ ದ್ರವ್ಯವನ್ನು ಸವರಿ, ಆಮೇಲೆ ಸ್ವಲ್ಪ ವೈರಸ್ ಕೊಟ್ಟರು. ಎರಡೂ ಸೇರಿದ ಮರಿಗಳಲ್ಲಿ ಸಾವು ಹೆಚ್ಚಿತು. ಯಕೃತ್ತಿನಲ್ಲಿ ಅದೇ ಕೊಬ್ಬು, ಮಿದುಳಿನಲ್ಲಿ ಅದೇ ಬಗೆಯ ಕೇಡು. 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎರಡು ವರ್ಷದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು: ಹೆಚ್ಚಿನ ಕೇಡು ಮಾಡಿದ್ದು ಕೀಟವನ್ನು ಕೊಲ್ಲುವ ಮುಖ್ಯ ವಿಷವಲ್ಲ, ಅದನ್ನು ನೀರಿನಲ್ಲಿ ಬೆರೆಸಲು ಹಾಕುವ ಎಣ್ಣೆ ಮತ್ತು ಸಾಬೂನಿನಂಥ ದ್ರವ್ಯ!

ಇಲ್ಲಿ ಅವಸರದ ತೀರ್ಮಾನ ಸಲ್ಲದು. ಇಲಿಗಳಲ್ಲಿ ಕಂಡದ್ದು ಮನುಷ್ಯರ ಮಕ್ಕಳಲ್ಲಿ ಹಾಗೆಯೇ ರುಜುವಾತಾಗಲಿಲ್ಲ. ರೈ ರೋಗಕ್ಕೆ ವೈರಸ್ ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡುವುದೊಂದು ಮುಖ್ಯ ನಂಟೆಂದು 1980ರ ನಂತರ ತಿಳಿದುಬಂತು. ಅಮೆರಿಕದಲ್ಲಿ ಆ ಬಗ್ಗೆ ಎಚ್ಚರಿಕೆ ಕೊಟ್ಟ ಮೇಲೆ ರೋಗ ತೀರ ಅಪರೂಪವಾಯಿತು. ಆದರೆ ಒಳಗಿನ ಪಾಠ ಎರಡು ಕಡೆಯೂ ಒಂದೇ. ತಾನೊಂದೇ ಬಂದರೆ ಮೈ ತಾಳಿಕೊಳ್ಳುವ ರಾಸಾಯನಿಕ, ವೈರಸಿನ ಕೂಡೆ ಬಂದರೆ ತಾಳಲಾಗದ್ದಾಗಬಹುದು. ದುರ್ಭಿಕ್ಷದಲ್ಲಿ ಅಧಿಕಮಾಸ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥ ಪ್ರಸಂಗಕ್ಕೇ.

ರಕ್ತದವರೆಗೆ ಹೋಗುವ ಮೊದಲು ಹೆಬ್ಬಾಗಿಲೊಂದಿದೆ. ಅದು ಉಸಿರಿನ ದಾರಿ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಗಾಳಿಗೆ ಬಾಗುವ ಬತ್ತದ ತೆನೆಗಳಂತೆ ಒಂದೇ ದಿಕ್ಕಿಗೆ ಬೀಸುತ್ತ, ಧೂಳನ್ನೂ ರೋಗಾಣುವನ್ನೂ ಕಫದೊಡನೆ ಮೇಲಕ್ಕೆ ತಳ್ಳುತ್ತವೆ. ಹೊಗೆ ಈ ರೋಮಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ಬೀಡಿಯ ಹೊಗೆ, ಹಸಿ ಸೌದೆಯ ಹೊಗೆ, ಸಿಂಪಡಣೆಯ ಮಂಜು, ಎಲ್ಲಕ್ಕೂ ಇದೇ ದಾರಿ. ಬೋರ್ಡೋ ದ್ರಾವಣ ಇತರ ಕೀಟನಾಶಕಗಳಷ್ಟು ಉಗ್ರವಲ್ಲ. ಆದರೂ ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಅದನ್ನೇ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟುಗಟ್ಟುವ ರೋಗವೊಂದನ್ನು 1969ರಲ್ಲಿ ಅಲ್ಲಿನ ವೈದ್ಯರು ವರ್ಣಿಸಿದ್ದಾರೆ. ಕಾಫಿಗೂ ದ್ರಾಕ್ಷಿಗೂ ಗಿಡ ಬೇರೆ. ಪಂಪು ಹಿಡಿದವನ ಮೂಗು ಒಂದೇ.

ಪೇಟೆಯ ವಾಚಕರು ಇದೆಲ್ಲ ತೋಟದವರ ಮಾತು, ನಮಗೇಕೆ ಎಂದು ಪುಟ ತಿರುವಬಾರದು. ಅಡಿಗೆಮನೆಯ ಹೊಗೆ ಎಲ್ಲರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದ್ದು ಸೌದೆ ಉಳಿಸಲು ಮಾತ್ರವಲ್ಲ, ಹೆಂಗಸರ ಮತ್ತು ಕೂಸುಗಳ ಎದೆಯನ್ನು ಹೊಗೆಯಿಂದ ಉಳಿಸಲು ಕೂಡ. ಈಗ ಗ್ಯಾಸು ಬಹುಪಾಲು ಮನೆಗಳಿಗೆ ಬಂದಿದ್ದರೂ, ನೀರು ಕಾಯಿಸುವ ಹಂಡೆಯ ಒಲೆ ಉರಿಯುತ್ತಲೇ ಇದೆ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಮನೆಯೊಳಗೆ ಆ ಹೊಗೆಯೂ ನೆಗಡಿಯ ವೈರಸೂ ಒಟ್ಟಿಗೆ ಸುತ್ತುತ್ತವೆ.

ವಿಷವು ಬೇಲಿಯ ಗೆರೆಯನ್ನು ಮನ್ನಿಸುವುದಿಲ್ಲ ಎಂಬುದಕ್ಕೆ ಘಟ್ಟದ ಕೆಳಗಿನ ಕಥೆಯೊಂದನ್ನು ಮರೆಯಬಾರದು. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ ಮೊದಲಾದ, ಕನ್ನಡ-ತುಳು ಮಾತಾಡುವ ಹಳ್ಳಿಗಳ ಹಳ್ಳಕೊಳ್ಳಗಳಿಗೆ ಅದು ಇಳಿಯಿತು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಇಂಥದೇ ಸಂಕಟ. ಅಂಗವೈಕಲ್ಯ, ನರಗಳ ರೋಗ, ಬುದ್ಧಿಮಾಂದ್ಯಗಳಿಂದ ನರಳುವ ಮಕ್ಕಳ ಪರವಾಗಿ ಜನ ದಶಕಗಳ ಕಾಲ ಕೂಗಿದ ಮೇಲೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಈ ಪ್ರಕರಣ ವೈರಸಿನದಲ್ಲ. ಆದರೆ ಅದರ ಎಚ್ಚರಿಕೆ ನಮಗೂ ಸಲ್ಲುತ್ತದೆ. ಪೂರ್ಣ ಪುರಾವೆ ಕೈಗೆ ಬರುವ ತನಕ ಕಾಯ್ದರೆ ಒಂದು ತಲೆಮಾರೇ ಕಳೆದುಹೋಗುತ್ತದೆ. ಕಾಫಿಯ ಕಾಂಡಕೊರಕಕ್ಕೆ ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಲಿಂಡೇನನ್ನೂ 2009ರಲ್ಲಿ ಅದೇ ಪಟ್ಟಿಗೆ ಸೇರಿಸಲಾಯಿತು.

ನಮ್ಮ ಪೂರ್ವಿಕರು ಈ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲವೆಂದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಕನ್ನಡದಲ್ಲೇ ‘ಖಗೇಂದ್ರಮಣಿದರ್ಪಣ’ ಎಂಬ ವಿಷವೈದ್ಯದ ಗ್ರಂಥವನ್ನು ರಚಿಸಿದ. ಆಯುರ್ವೇದದಲ್ಲಿ ‘ದೂಷೀವಿಷ’ ಎಂಬ ಮಾತಿದೆ. ಮೈಯಿಂದ ಪೂರ್ತಿ ಹೋಗದೆ, ಕೊಲ್ಲುವಷ್ಟು ಬಲವೂ ಇಲ್ಲದೆ, ಧಾತುಗಳಲ್ಲಿ ಅಡಗಿ ಕೂತು, ಮೋಡ ಮುಸುಕಿದ ಶೀತದ ದಿನಗಳಲ್ಲಿ ಅಥವಾ ಅಪಥ್ಯದಿಂದ ಕೆರಳುವ ವಿಷ ಅದು. ಅವರು ಕಂಡ ವಿಷಗಳು ಬೇರೆ, ಇಂದಿನ ಕಾರ್ಖಾನೆಯ ವಿಷಗಳು ಬೇರೆ. ಎರಡನ್ನೂ ಒಂದೇ ಎನ್ನುವುದು ಪಾಂಡಿತ್ಯವಲ್ಲ. ಆದರೆ ಸುಮ್ಮನಿದ್ದ ವಿಷ ಮೈ ಕುಗ್ಗಿದಾಗ ಕೆರಳುತ್ತದೆ ಎಂಬ ಅವರ ಅವಲೋಕನವನ್ನು ಗೌರವದಿಂದ ನೆನೆಯಬಹುದು.

ಹಾಗಾದರೆ ಮಾಡಬೇಕಾದುದೇನು? ಔಷಧಿ ಹೊಡೆಯುವುದನ್ನೇ ಬಿಡಿ ಎಂದು ಬೆಳೆಗಾರರಿಗೆ ಹೇಳುವುದು ಸುಲಭ. ಬೆಳೆ ಉಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಎರಡು ನಂಜೂ ಕೂಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಜ್ವರವಿರುವವನು, ಜ್ವರ ಬಿಟ್ಟು ಇನ್ನೂ ಸುಧಾರಿಸಿಕೊಳ್ಳುತ್ತಿರುವವನು ಪಂಪು ಹೊರಬಾರದು; ಔಷಧಿ ಕಲಸುವ ಡ್ರಮ್ಮಿನ ಹತ್ತಿರವೂ ಹೋಗಬಾರದು. ಆ ದಿನ ಅವನಿಗೆ ಬೇರೆ ಹಗುರ ಕೆಲಸ ಕೊಡುವುದೋ, ಕೂಲಿ ಕಡಿಯದೆ ಮನೆಗೆ ಕಳಿಸುವುದೋ ತೋಟದ ಯಜಮಾನರ ಧರ್ಮ. ಕೂಲಿ ಹೋದೀತೆಂಬ ಭಯವಿರುವ ತನಕ ಯಾರೂ ಜ್ವರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರಿಹೊಟ್ಟೆಯಲ್ಲಿ ಸಿಂಪಡಣೆಗೆ ನಿಲ್ಲಬಾರದು. ಕೈಗವಸು, ಮುಖವಾಡ, ತುಂಬುತೋಳಿನ ಅಂಗಿ ಬೇಕು. ಬೆವರಿದ ಚರ್ಮ ವಿಷವನ್ನು ಬೇಗ ಹೀರುವುದರಿಂದ ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು. ಗಾಳಿಗೆ ಎದುರು ನಿಲ್ಲಬಾರದು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿದ ಬಳಿಕವೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಯನ್ನು ಮನೆಯ ಮಿಕ್ಕ ಬಟ್ಟೆಯ ಜೊತೆ ಒಗೆಯಬಾರದು. ಔಷಧಿಯ ಡಬ್ಬಿಯನ್ನು ಉಪ್ಪಿಗೋ ಸೀಮೆಎಣ್ಣೆಗೋ ಇಟ್ಟುಕೊಳ್ಳಬಾರದು, ಸುಡಲೂ ಬಾರದು.

ಇನ್ನೊಂದು ಎಚ್ಚರ ವೈದ್ಯರ ಮುಂದೆ. ಮ್ಯಾಲಥಿಯಾನಿನ ಜಾತಿಯ ವಿಷ ಸ್ವಲ್ಪ ತಗುಲಿದರೆ ತಲೆನೋವು, ವಾಕರಿಕೆ, ನಿಶ್ಶಕ್ತಿ, ಬೆವರು ಬರುತ್ತವೆ. ನೋಡಿದವರು ಫ್ಲೂ ಎಂದುಕೊಳ್ಳುವುದುಂಟು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ಮಾಂಸಖಂಡ ಅದುರುವುದು ವಿಷದ ಗುರುತು. ಆದ್ದರಿಂದ ಆಸ್ಪತ್ರೆಗೆ ಹೋದಾಗ, “ಸಾರ್, ಮೊನ್ನೆ ಶುಂಠಿಗೆ ಔಷಧಿ ಹೊಡೆದಿದ್ದೆ” ಎಂದು ಕೇಳುವ ಮೊದಲೇ ಹೇಳಬೇಕು. ಡಬ್ಬಿಯ ಚೀಟಿಯನ್ನು ಕೊಂಡೊಯ್ದು ತೋರಿಸಬೇಕು. ಮಕ್ಕಳಿಗೆ ಜ್ವರ ಬಂದರೆ ಮನೆಯಲ್ಲಿದ್ದ ಆಸ್ಪಿರಿನ್ ಕೊಡಬಾರದು. ಡೆಂಗಿಯಲ್ಲಿ ದೊಡ್ಡವರಿಗೂ ಅದು ರಕ್ತಸ್ರಾವಕ್ಕೆ ದಾರಿ; ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು, ಹೆಚ್ಚಾದರೆ ಅದೂ ಯಕೃತ್ತಿಗೆ ಹೊರೆಯೇ. ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಬೇಕು. ನೆನಪು ಮಂಕಾಗುವ ಭಯವಿರುವ ವಿದ್ಯಾರ್ಥಿಗೆ ಪಾಠವನ್ನು ಮತ್ತೊಮ್ಮೆ ಹೇಳಬೇಕಲ್ಲವೆ? ಎದೆಹಾಲಿನಲ್ಲಿ ವಿಷದ ಅಂಶ ಬಂದೀತೆಂದು ಹೆದರಿ ಯಾವ ತಾಯಿಯೂ ಹಾಲು ಬಿಡಿಸಬಾರದು. ಕೂಸಿಗೆ ರೋಗದ ವಿರುದ್ಧ ಅದಕ್ಕಿಂತ ದೊಡ್ಡ ಕಾವಲಿಲ್ಲ.

ಇವೆಲ್ಲ ದುಬಾರಿಯ ಉಪಾಯಗಳಲ್ಲ. ಬೆಳಗ್ಗೆ ಪಂಪು ಬೆನ್ನಿಗೇರಿಸುವ ಮೊದಲು ಪ್ರತಿಯೊಬ್ಬ ಆಳನ್ನೂ ಹೆಸರು ಹಿಡಿದು ಕರೆದು, “ಇವತ್ತು ಮೈ ಹುಷಾರಾಗಿದೆಯೇನಪ್ಪ?” ಎಂದು ಕೇಳುವುದಕ್ಕೆ ಕಾಸೂ ಖರ್ಚಿಲ್ಲ. ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು, ಮೈಲುತುತ್ತ ಎಷ್ಟು ಎಂದು ತೂಗಿ ನೋಡುವ ಕೈಗೆ, ಹೊಡೆಯುವವನ ಹಣೆಯನ್ನು ಒಮ್ಮೆ ಮುಟ್ಟಿ ನೋಡುವುದು ಭಾರವಾಗಲಾರದು.